ತಂಗಡಗಿಗೆ ನಡೆದು ಹೊರಟವಳು

"ನಡಕೊಂತ? ತಂಗಡಗಿ ತನಕಾ?"

ಸುನಂದಾ ಮಾವಶಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. "ಬಸ್ ಅವ, ಟಂಟಂ ಅವ. ಹನ್ನೆರಡು ಕಿಲೋಮೀಟರ್ ಯಾರರ ನಡೀತಾರೇನ?"

"ಅಲ್ಲೆ ನಾ ವಾರಕ್ಕೊಮ್ಮೆ ಇಪ್ಪತ್ತು ನಡೀತೇನಿ, ಮಾವಶಿ."

"ಅಲ್ಲೀದು ಬ್ಯಾರೆ."

"ನಡಿಯೋದು ಎಲ್ಲಾ ಕಡೆ ಒಂದ."

ಮಾವಶಿ ಮುಂದೆ ವಾದ ಮಾಡಲಿಲ್ಲ. ಒಂದು ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಹಾಕಿಕೊಟ್ಟು, ತಂಗಡಗಿಯ ಹೊಳೆಯ ಹತ್ತಿರ ಹೋದ ಮೇಲೆ ಫೋನ್ ಮಾಡಲು ಹೇಳಿದಳು.

ಮುಕ್ತಾಳಿಗೆ ಇಪ್ಪತ್ತೈದು ವರ್ಷ. ಇಂಡಿಯಲ್ಲಿ ಹೈಸ್ಕೂಲು ಹೆಡ್‌ಮಾಸ್ತರರಾಗಿದ್ದ ಪ್ರಹ್ಲಾದರ ಒಬ್ಬಳೇ ಮಗಳು. ಎರಡು ವರ್ಷದಿಂದ ಎಸ್ಟೋನಿಯಾ ಎಂಬ ಸಣ್ಣ ದೇಶದ ತಾರ್ತು ಎಂಬ ಊರಿನಲ್ಲಿ ಭೂಗೋಳ ಓದುತ್ತಿದ್ದಳು. ಅಲ್ಲಿಯ ಬೇಸಿಗೆ ರಜೆ ಅಂದರೆ ಇಲ್ಲಿಯ ಆಷಾಢ. ಊರಿಗೆ ಬಂದು ಹತ್ತು ದಿನ ಅಪ್ಪ ಅಮ್ಮನ ಜೊತೆ ಇದ್ದು, ಆಮೇಲೆ ಮುದ್ದೇಬಿಹಾಳದಲ್ಲಿದ್ದ ಅಮ್ಮನ ತಂಗಿ, ಈ ಮಾವಶಿಯ ಮನೆಗೆ ಬಂದಿದ್ದಳು.

ಮೊದಲ ತಿಂಗಳು ತಾರ್ತುವಿನ ಮೌನಕ್ಕೆ ಅವಳು ಅಂಜಿದ್ದಳು. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದ ನೆರೆಯವರು ತಲೆ ಅಲುಗಿಸಿ ಹೋದರೆ ಅದೇ ದೊಡ್ಡ ಮಾತು. ಒಮ್ಮೊಮ್ಮೆ ತನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ನೋಡಲು, ಅಜ್ಜಿ ಕಲಿಸಿದ ಮರಾಠಿ ಆರತಿಯನ್ನು ಗೋಡೆಗೆ ಮುಖ ಮಾಡಿ ಹೇಳಿಕೊಂಡದ್ದೂ ಉಂಟು. ಹೀಗಿರುವಾಗ ಅಕ್ಟೋಬರಿನ ಒಂದು ಭಾನುವಾರ ಮಾಲೆ ಎಂಬ ಮನೆಯ ಒಡತಿ ಬಾಗಿಲು ಬಡಿದು, ಒಂದು ಜೊತೆ ರಬ್ಬರ್ ಬೂಟು ಮುಂದಿಟ್ಟು, ಬಾ ಎಂದಳು. ಮಾಲೆಗೆ ಅರವತ್ತು ದಾಟಿತ್ತು. ಕರೆದುಕೊಂಡು ಹೋದದ್ದು ಊರಾಚೆಯ ಜೌಗು ನೆಲಕ್ಕೆ. ಕಾಲಿಟ್ಟರೆ ಹಾಸಿಗೆಯಂತೆ ತಗ್ಗುವ ಪಾಚಿ, ಅದರ ಮೇಲೆ ಹಾಸಿದ ಹಲಗೆಯ ದಾರಿ, ಕಷಾಯದ ಬಣ್ಣದ ನೀರಿನ ಹೊಂಡಗಳು, ಮನುಷ್ಯನೆತ್ತರಕ್ಕೂ ಬೆಳೆಯದ ಪೈನ್ ಮರಗಳು. ಒಂದೊಂದು ಮರಕ್ಕೂ ನೂರು ವರ್ಷ ಎಂದಳು ಮಾಲೆ. ನಾಲ್ಕು ತಾಸಿನಲ್ಲಿ ಇಬ್ಬರೂ ಸೇರಿ ಇಪ್ಪತ್ತು ಮಾತು ಆಡಿರಲಿಕ್ಕಿಲ್ಲ. ಆದರೂ ಮನೆಗೆ ಬಂದಾಗ ಮುಕ್ತಾಳಿಗೆ ಯಾರ ಹತ್ತಿರವೋ ಮನಸ್ಸು ಬಿಚ್ಚಿ ಮಾತಾಡಿ ಬಂದಂತೆ ಅನಿಸಿತು.

ಆಮೇಲೆ ಪ್ರತಿ ಶನಿವಾರ ಹೊರಟಳು. ಮಾಲೆಯ ಮೊಮ್ಮಕ್ಕಳ ಜೊತೆ ಕಾಡಿನಲ್ಲಿ ನೀಲಿ ಹಣ್ಣು ಆರಿಸಿದಳು. ಹಲ್ಲು ನೀಲಿ ಮಾಡಿಕೊಂಡು ನಗುವ ಆ ಮಕ್ಕಳ ಫೋಟೋ ತೆಗೆದಳು. ಹೆಪ್ಪುಗಟ್ಟಿದ ನದಿಯ ದಂಡೆಯಲ್ಲಿ ಒಬ್ಬಳೇ ನಡೆದಳು. ಇಂಡಿಯಲ್ಲಿ ಅವಳು ಮನೆಯಿಂದ ಸಾಲೆಗೆ, ಸಾಲೆಯಿಂದ ಟ್ಯೂಷನ್ನಿಗೆ ಹೋಗಿದ್ದಳು, ಅದೂ ಅಪ್ಪನ ಸ್ಕೂಟರಿನ ಹಿಂದೆ. ತನ್ನ ಕಾಲು ತನ್ನವೇ ಎಂದು ಅವಳಿಗೆ ಗೊತ್ತಾದದ್ದು ಆ ಊರಿನಲ್ಲಿ. ಹುಟ್ಟಿದ ನೆಲವನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆ ರೀತಿ ನೋಡಿಯೇ ಇಲ್ಲವಲ್ಲ ಎಂಬ ನಾಚಿಕೆಯೂ ಅಲ್ಲಿಯೇ ಹುಟ್ಟಿತು.

ಹಾಗಾಗಿ ಆ ಬುಧವಾರ ತಲೆಗೆ ಟೋಪಿ, ಮುಖಕ್ಕೆ ಧೂಳಿನ ಸಲುವಾಗಿ ಓಢಣಿ, ಬೆನ್ನಿಗೆ ಚೀಲ, ಕೈಯಲ್ಲಿ ಮಡಚುವ ಊರುಗೋಲು ಹಿಡಿದು ಹೊರಟಳು. ಅರ್ಧ ತಾಸಿಗೆ ಡಾಂಬರು ರಸ್ತೆ ಬಿಟ್ಟು, ಫೋನಿನ ನಕಾಶೆ ನೋಡಿಕೊಂಡು ಬಂಡಿದಾರಿ ಹಿಡಿದಳು. ಮೋಡ ಕವಿದು ಗಾಳಿ ಬೀಸುತ್ತಿತ್ತು. ಕರಿ ಎರಿ ಹೊಲದಲ್ಲಿ ತೊಗರಿ ಗೇಣುದ್ದ ಎದ್ದಿತ್ತು. ಹಸಿ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಭಾರವಾಗಿ, ಅವಳು ಅಲ್ಲಲ್ಲಿ ನಿಂತು ಕಡ್ಡಿಯಿಂದ ಕೆರೆದು ಮುಂದೆ ಹೋಗುತ್ತಿದ್ದಳು. ಬಹಳ ಸಂತೋಷವಾಗಿತ್ತು. ನಿಂತು ಒಂದು ಫೋಟೋ ತೆಗೆದು ಮಾಲೆಗೆ ಕಳಿಸಿದಳು: "ಇದು ನಮ್ಮ ನೆಲ."

ಹನ್ನೊಂದೂವರೆಯ ಹೊತ್ತಿಗೆ ಒಂದು ಬೇವಿನ ಗಿಡದ ಕೆಳಗೆ ಮಗುವೊಂದು ಅಳುತ್ತ ನಿಂತಿದ್ದು ಕಂಡಿತು. ನಾಲ್ಕೈದು ವರ್ಷದ ಹುಡುಗಿ. ಬರಿಗಾಲು.

"ಯಾಕವ್ವಾ, ಯಾರ ಮಗಳು ನೀ?"

"ಮರಿ ಓಡಿ ಹೋತು." ಆಡಿನ ಮರಿಯ ಬೆನ್ನು ಹತ್ತಿ ಬಂದು ದಾರಿ ತಪ್ಪಿಸಿಕೊಂಡಿತ್ತು.

ಮುಕ್ತಾ ಓಢಣಿ ಸರಿಸಿ, ನೀರು ಕುಡಿಸಿ, ಚೀಲದಲ್ಲಿದ್ದ ಚಾಕೊಲೇಟು ಕೊಟ್ಟಳು. ಸುತ್ತ ನಾಲ್ಕು ಸಲ ಕೂಗಿದಳು. ಯಾರೂ ಓಗೊಡಲಿಲ್ಲ. ದೂರದಲ್ಲಿ ನೀರಿನ ಟಾಕಿ, ಹತ್ತಿಪ್ಪತ್ತು ಮನೆಗಳು ಕಂಡವು. ಮಗುವಿನ ಹೆಸರು ಹೊನ್ನವ್ವ, ಮನೆಯಲ್ಲಿ ಹೊನ್ನಿ. ಅವಳ ಕೈ ಹಿಡಿದುಕೊಂಡು ಮುಕ್ತಾ ಆ ಕಡೆ ನಡೆದಳು.

ಇನ್ನೂರು ಹೆಜ್ಜೆ ಹೋಗಿರಲಿಲ್ಲ, ಎದುರಿನಿಂದ ಒಂದು ಮೋಟರ್‌ಸೈಕಲ್ಲು ಬಂದು ಅಡ್ಡ ನಿಂತಿತು. ಇಬ್ಬರು ಇಳಿದರು.

"ಯಾರ್ ನೀ? ಈ ಹುಡುಗಿನ ಎಲ್ಲಿಗಿ ಒಯ್ಯಾಕತ್ತಿ?"

"ಊರಿಗ್ರೀ. ದಾರಿ ತಪ್ಪಿ ನಿಂತಿತ್ತು."

"ನಿನ್ನ ಊರ ಯಾವ್ದು?"

"ಇಂಡಿ."

"ಇಂಡಿಯಾಕಿ ಇಲ್ಲಿ ಹೊಲದಾಗ ಏನ್ ಮಾಡಾಕತ್ತಿ?"

"ತಂಗಡಗಿಗೆ ಹೊಂಟೇನ್ರಿ. ನಡಕೊಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಮೇಶ ಎಂಬವನು ಫೋನ್ ತೆಗೆದು ಯಾರಿಗೋ "ಸಿಕ್ಕಾಳ, ಬರ್ರಿ" ಎಂದ. ಮುಕ್ತಾಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಮಗುವಿನ ಮನೆಯವರನ್ನು ಕರೆಯುತ್ತಿದ್ದಾನೆ ಎಂದುಕೊಂಡು, "ಚಲೋ ಆತ್ರಿ" ಎಂದಳು.

ಮಂದಿ ಓಡಿ ಬಂದರು. ಮೊದಲು ಹತ್ತು, ಆಮೇಲೆ ಮೂವತ್ತು ನಲವತ್ತು. ಕಲ್ಮೇಶ ಅವಳ ಕೈಯಿಂದ ಫೋನ್ ಕಸಿದುಕೊಂಡ. ನಕಾಶೆ ತೆರೆದೇ ಇತ್ತು. ಅದರ ಮೇಲೆ ಅವಳು ನಡೆದ ದಾರಿ ನೀಲಿ ಗೆರೆಯಾಗಿ ಕಾಣುತ್ತಿತ್ತು.

"ನೋಡ್ರಿ, ಯಾವ ಹಾದಿ, ಎಲ್ಲೆಲ್ಲಿ ಮನಿ ಅದಾವು, ಎಲ್ಲಾ ಗುರ್ತ ಮಾಡ್ಕೊಂಡಾಳ."

ಆಮೇಲೆ ಅದರಲ್ಲಿದ್ದ ಫೋಟೋಗಳನ್ನು ತೆರೆದ. ಕಾಡು, ಕಾಡಿನಲ್ಲಿ ಬಿಳಿ ಮಕ್ಕಳು, ಅವರ ನೀಲಿ ಹಲ್ಲು. ಫೋನು ಕೈಯಿಂದ ಕೈಗೆ ಹೋಯಿತು. ಮಾಲೆ ತನ್ನ ಭಾಷೆಯಲ್ಲಿ ಕಳಿಸಿದ್ದ ಉತ್ತರ ನೋಡಿ ಯಾರೋ, ಇದು ಅವರವರ ಗುಟ್ಟಿನ ಭಾಷಾ ಎಂದರು. ಹೊನ್ನಿಯ ಕೈಯಲ್ಲಿದ್ದ ಚಾಕೊಲೇಟಿನ ಕಾಗದವನ್ನು ಒಬ್ಬಳು ಕಸಿದು ಮೂಸಿ ನೋಡಿದಳು.

"ಅದು ಚಾಕೊಲೇಟ್ ಅದ ರೀ. ನಮ್ಮಪ್ಪ ಹೆಡ್‌ಮಾಸ್ತರ ಇದ್ದಾರ, ಫೋನ್ ಹಚ್ಚಿ ಕೇಳ್ರಿ," ಎಂದಳು ಮುಕ್ತಾ.

"ಅದ ಅಂತಾಳ, ಐತಿ ಅನ್ನಂಗಿಲ್ಲ. ನಮ್ಮ ಮಾತಲ್ಲ ಇದು," ಎಂದ ಹಿಂದಿನಿಂದೊಬ್ಬ. "ಸೋಲಾಪುರ ಕಡೆಯಿಂದ ಹುಡುಗ್ರ ಕಳ್ಳರ ಟೋಳಿ ಇಳದೈತಿ ಅಂತ ಫೋನಿನ್ಯಾಗ ಬಂದಿತ್ತಲ್ಲ, ಆ ಟೋಳಿಯಾಕಿನ ಈಕಿ."

ಆಗ ತೊಗರಿ ಹೊಲದ ನಡುವಿನಿಂದ ಒಬ್ಬ ಹೆಂಗಸು ಕಳೆ ತೆಗೆಯುವ ಕುರ್ಪಿ ಹಿಡಿದೇ ಓಡಿ ಬಂದಳು. ಹೊನ್ನಿಯ ತಾಯಿ, ದುರ್ಗವ್ವ. ಏನೂ ಕೇಳಲಿಲ್ಲ. ಕುರ್ಪಿಯ ಕಟ್ಟಿಗೆಯ ಹಿಡಿಯಿಂದ ಮುಕ್ತಾಳ ತಲೆಗೆ ಹೊಡೆದಳು.

ನೋವಿಗಿಂತ ಮೊದಲು ಅವಳಿಗೆ ಆಶ್ಚರ್ಯವಾಯಿತು. ತನ್ನನ್ನು ಯಾರೂ ಹೊಡೆದದ್ದು ಅವಳಿಗೆ ನೆನಪಿರಲಿಲ್ಲ, ಸಾಲೆಯಲ್ಲಿಯೂ ಇಲ್ಲ. ಕಣ್ಣಿನ ಮೇಲೆ ಬೆಚ್ಚಗೆ ಏನೋ ಇಳಿಯಿತು. ಆಮೇಲೆ ಬೆನ್ನಿಗೆ, ಭುಜಕ್ಕೆ ಏಟು ಬಿದ್ದವು. ಯಾರೋ ಕೂದಲು ಹಿಡಿದು ಎಳೆದರು. ಕಲ್ಮೇಶ ಒಂದು ಕೈಯಿಂದ ಅವಳ ಜಡೆ ಹಿಡಿದು ಇನ್ನೊಂದು ಕೈಯಿಂದ ವೀಡಿಯೋ ಮಾಡುತ್ತಿದ್ದ. "ಹೆಸರ ಹೇಳ, ಹೆಸರ ಹೇಳ" ಎನ್ನುತ್ತಿದ್ದ. ಅವಳು ಹೆಸರು ಹೇಳುತ್ತಲೇ ಇದ್ದಳು. ಎಳೆದುಕೊಂಡೇ ಅವಳನ್ನು ಊರೊಳಗೆ ತಂದರು. ಈ ಗದ್ದಲದಲ್ಲಿ ದುರ್ಗವ್ವ ಹಿಂದೆ ಬಿದ್ದಿದ್ದಳು; ಹೊನ್ನಿ ಮುಕ್ತಾಳ ಕೈ ಬಿಟ್ಟಿರಲಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಊರ ಬಾಯಿಗೆ ಕಾಸಿಂಸಾಬರ ಹಿಟ್ಟಿನ ಗಿರಣಿ. ಮೈಯೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡ ಎಪ್ಪತ್ತರ ಮುದುಕ ಸದ್ದು ಕೇಳಿ ಹೊರಗೆ ಬಂದ. ಒಂದು ಗಳಿಗೆ ನೋಡಿದ. ಗುಂಪಿನೊಳಗೆ ನುಗ್ಗಿ ಮುಕ್ತಾಳನ್ನೂ ಅವಳ ಕೈಗೆ ಜೋತುಬಿದ್ದ ಮಗುವನ್ನೂ ಒಟ್ಟಿಗೆ ಗಿರಣಿಯೊಳಕ್ಕೆ ದೂಡಿ, ತಗಡಿನ ಬಾಗಿಲೆಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತ.

"ಸರೀರಿ ಕಾಸಿಂಸಾಬ. ಆಕಿ ಹುಡುಗ್ರ ಕಳ್ಳಿ."

"ಇರ್ಲಿ. ಮೊಮ್ಮಗಳು ಪೊಲೀಸರಿಗೆ ಫೋನ್ ಹಚ್ಯಾಳ, ಅವರು ಬರ್ಲಿ. ಅಲ್ಲೀತನಕ ನಾ ಏಳಂಗಿಲ್ಲ."

"ನಿನಗ್ಯಾಕ ಬೇಕು ಇದು?"

"ನನ್ನ ಗಿರಣಿ ಮುಂದ ರಕ್ತ ಬೀಳಬಾರ್ದು. ಈ ಜಾಗಾದಿಂದ ನೀವು ಹಿಟ್ಟು ಒಯ್ತೀರಿ."

ಒಳಗೆ ಕತ್ತಲು. ಹಿಟ್ಟಿನ ಧೂಳು. ಮುಕ್ತಾ ಗೋಡೆಗೆ ಒರಗಿ ಕುಳಿತಳು. ತಗಡಿಗೆ ಕಲ್ಲು ಬಿದ್ದಾಗಲೆಲ್ಲ ಮೈ ತಾನಾಗಿಯೇ ಮುದುಡುತ್ತಿತ್ತು. ಅಳು ಬರಲಿಲ್ಲ, ಪ್ರಾರ್ಥನೆಯೂ ಬರಲಿಲ್ಲ. ನಾನು ಇವರ ಮಾತನ್ನೇ ಆಡಿದೆನಲ್ಲ ಎಂಬ ಒಂದೇ ವಿಚಾರ ತಿರುತಿರುಗಿ ಬರುತ್ತಿತ್ತು. ಹೊನ್ನಿ ಅವಳ ಮುಖದ ರಕ್ತವನ್ನು ನೋಡಿ, "ಬಾವು ಆತೇನ ಅಕ್ಕಾ?" ಎಂದು ಕೇಳಿ ಅವಳ ಪಕ್ಕಕ್ಕೆ ಸರಿದು ಕುಳಿತಳು.

ಸ್ವಲ್ಪ ಹೊತ್ತಿಗೆ ಕಾಸಿಂಸಾಬ ಬಾಗಿಲು ಅರೆಯಾಗಿ ತೆರೆದು ದುರ್ಗವ್ವನೊಬ್ಬಳನ್ನೇ ಒಳಗೆ ಬಿಟ್ಟ. "ನಿನ್ನ ಮಗಳು ಒಳಗ ಐತಿ. ಅದನ್ನ ಕೇಳು," ಎಂದ.

ದುರ್ಗವ್ವ ಮಗಳನ್ನು ಎಳೆದು ಎದೆಗೆ ಅವುಚಿಕೊಂಡಳು. "ಏನ್ ಮಾಡಿದ್ಲು? ಎಲ್ಲಿಗಿ ಒಯ್ತೇನಿ ಅಂದ್ಲು?"

"ಮರಿ ಹೋತಬೇ. ನಾ ಅಳಾಕತ್ತಿದ್ನಿ. ಅಕ್ಕ ನೀರ ಕೊಟ್ಲು. ನಿಮ್ಮವ್ವನ ಕಡೆ ಹೋಗೂಣು ಅಂದ್ಲು."

ದುರ್ಗವ್ವ ಮುಕ್ತಾಳ ಕಡೆ ನೋಡಿದಳು. ಕಣ್ಣು ಹುಬ್ಬು ಒಂದಾಗಿ ಬಾತಿದ್ದ ಆ ಮುಖವನ್ನು, ತನ್ನ ಕುರ್ಪಿ ಬಿದ್ದ ಜಾಗವನ್ನು ನೋಡುತ್ತ ನಿಂತಳು. ಮಗಳನ್ನು ಸೊಂಟಕ್ಕೆತ್ತಿಕೊಂಡು ಹೊರಗೆ ಹೋದಳು.

"ಈಕಿ ಕಳ್ಳಿ ಅಲ್ಲ. ನನ್ನ ಮಗಳನ್ನ ಮನಿಗಿ ಕರ್ಕೊಂಡು ಬರಾಕತ್ತಿದ್ಲು. ನಾನ ತಿಳೀದ ಹೊಡದ್ನಿ. ಹೋಗ್ರಿ ಎಲ್ಲಾರೂ."

ತಗಡಿನ ಈಚೆಗೆ ಮುಕ್ತಾ ಉಸಿರು ಬಿಟ್ಟಳು. ಮುಗಿಯಿತು ಎಂದುಕೊಂಡಳು.

ಮುಗಿಯಲಿಲ್ಲ. ಹೊರಗೆ ಕಲ್ಮೇಶ, "ಒಳಗ ಏಟ್ ರೊಕ್ಕಾ ಕೊಟ್ಲು ನಿನಗ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಮಗುವಿಗೆ ಏನೋ ಕುಡಿಸಿ ತಲೆ ಕೆಡಿಸಿದ್ದಾಳೆ ಎಂದು ಇನ್ನೊಬ್ಬರು. ತಾಯಿಯ ಮಾತನ್ನೂ ಅವರು ನಂಬಲಿಲ್ಲ. ಮತ್ತೆ ಕಲ್ಲು ಬಿತ್ತು. ಅದು ಕಾಸಿಂಸಾಬರ ಮೊಣಕಾಲಿಗೆ ತಾಕಿತು ಎಂದು ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಮುಕ್ತಾಳಿಗೆ ಇದು ಒಂದು ತಪ್ಪು ತಿಳಿವಳಿಕೆ, ನಿಜ ಗೊತ್ತಾದರೆ ಸರಿಹೋಗುತ್ತದೆ ಎಂಬ ಆಸೆ ಇತ್ತು. ನಿಜ ಗೊತ್ತಾದ ಮೇಲೂ ಬಿದ್ದ ಆ ಕಲ್ಲಿನ ಸದ್ದಿಗೆ ಅವಳು ನಿಜವಾಗಿ ಹೆದರಿದಳು.

ಪೊಲೀಸ್ ಜೀಪು ಬಂದದ್ದು ಒಂದೂವರೆ ತಾಸಿನ ಮೇಲೆ. ಜೀಪು ಕಂಡದ್ದೇ ತಡ, ಅರ್ಧ ಮಂದಿ ಹೊಲಕ್ಕೆ ಕೆಲಸಕ್ಕೆ ಹೋಗುವವರಂತೆ ಸರಿದು ಹೋದರು. ಬಾಗಿಲು ತೆರೆದಾಗ ಬೆಳಕಿಗೆ ಮುಕ್ತಾ ಕಣ್ಣು ಮುಚ್ಚಿಕೊಂಡಳು. ಯಾರೋ ಒಬ್ಬ ಹೆಂಗಸು ಚರಿಗೆಯಲ್ಲಿ ನೀರು ತಂದು ಅವಳ ಮುಂದೆ ಹಿಡಿದಳು. ಚಾಕೊಲೇಟಿನ ಕಾಗದ ಮೂಸಿ ನೋಡಿದ್ದವಳೇ ಅವಳು.

ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಹುಬ್ಬಿನ ಮೇಲೆ ಐದು ಹೊಲಿಗೆ ಹಾಕಿದರು. ಸಂಜೆಗೆ ಇಂಡಿಯಿಂದ ಪ್ರಹ್ಲಾದರು ಬಂದರು. ಮಾವಶಿಯ ಮನೆಯ ಪಡಸಾಲೆಯಲ್ಲಿ ಮಗಳನ್ನು ನೋಡಿ ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

"ಯಾಕ ನಡಕೊಂತ ಹ್ವಾದಿ, ಮುಕ್ತಾ?"

ಆಸ್ಪತ್ರೆಯ ನರ್ಸು ಕೇಳಿದ್ದೂ ಇದನ್ನೇ. ಪೊಲೀಸರು ಕೇಳಿದ್ದೂ ಇದನ್ನೇ. ಪೊಲೀಸರು ಬಿಡಿಸಿಕೊಟ್ಟ ಫೋನು ಅವಳ ಮಡಿಲಲ್ಲಿತ್ತು, ಗಾಜು ಸೀಳಿತ್ತು. ಟೋಳಿ ಇಳಿದಿದೆ ಎಂದು ಆ ಊರಿನವರಿಗೆ ಬಂದಿದ್ದ ಸಂದೇಶ ಯಾವುದು ಎಂದು ಅವಳು ಆಸ್ಪತ್ರೆಯಿಂದ ಬಂದಾಗಿನಿಂದ ಹುಡುಕುತ್ತಿದ್ದಳು. ಈಗ ಸಿಕ್ಕಿತ್ತು. ಹುಡುಕಲು ದೂರ ಹೋಗಬೇಕಾಗಿರಲಿಲ್ಲ; ಅವಳು ಓದದೆ ಬಿಟ್ಟಿದ್ದ ಮನೆಯವರ ವಾಟ್ಸಪ್ ಗುಂಪಿನಲ್ಲೇ ಇತ್ತು. "ಸೋಲಾಪುರ ಕಡೆಯಿಂದ ಮಕ್ಕಳ ಕಳ್ಳರ ಟೋಳಿ ಬಂದಿದೆ. ಟೋಪಿ, ಬೆನ್ನಿಗೆ ಚೀಲ ಹಾಕಿದ ಹೆಂಗಸರು. ಚಾಕೊಲೇಟ್ ಕೊಡುತ್ತಾರೆ. ಎಲ್ಲರಿಗೂ ತಿಳಿಸಿ." ಸೋಮವಾರ ಮುಂಜಾನೆ ಕಳಿಸಿದವರು ಪ್ರಹ್ಲಾದ.

ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಪ್ರಹ್ಲಾದರು ಓದಿದರು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಮನುಷ್ಯ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ಅಲ್ಲೇ ಹೊಸ್ತಿಲ ಹತ್ತಿರ ಕುಳಿತರು.

"ನಾ ಇದನ್ನ ಸಾಲಿ ಗುಂಪಿಗೂ ಹಾಕೇನಿ," ಎಂದರು. "ಹಳೆ ವಿದ್ಯಾರ್ಥಿಗಳ ಗುಂಪಿಗೂ. ಯಾರಿಗೂ ಕೆಟ್ಟದ್ದಾಗ್ಲಿ ಅಂತ ಹಾಕಲಿಲ್ಲವ್ವಾ. ಮಕ್ಕಳ ಕಾಳಜಿಗೆ ಹಾಕಿದೆ."

"ಅವರೂ ಮಕ್ಕಳ ಕಾಳಜಿಗೇ ಹೊಡದ್ರು, ಅಪ್ಪಾ."

ಮಾವಶಿ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಮರುದಿನ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ಜಡೆ ಹಿಡಿದು ಎಳೆದವನು, ವೀಡಿಯೋ ಮಾಡಿದವನು, ತಾಯಿ ಬಂದು ಹೇಳಿದ ಮೇಲೂ ಜನರನ್ನು ಎಬ್ಬಿಸಿದವನು ಕಲ್ಮೇಶ ಎಂದು ಮುಕ್ತಾ ಸ್ಪಷ್ಟವಾಗಿ ಹೇಳಿದಳು. ತಲೆಗೆ ಹೊಡೆದವರು ಯಾರು ಎಂದಾಗ, "ಗದ್ದಲದಾಗ ಕಾಣಲಿಲ್ರಿ," ಎಂದಳು. ಹಾಗೆ ಯಾಕೆ ಹೇಳಿದೆ ಎಂದು ಅವಳಿಗೇ ಪೂರ್ತಿ ಗೊತ್ತಿರಲಿಲ್ಲ. ಕಲ್ಮೇಶನನ್ನೂ ಇನ್ನಿಬ್ಬರನ್ನೂ ಹಿಡಿದುಕೊಂಡು ಹೋದರು.

ಅಪ್ಪ ಇಂಡಿಗೆ ವಾಪಸ್ ಹೋಗಲಿಲ್ಲ. ನಾಲ್ಕು ದಿನ ಫೋನಿನ ಮುಂದೆ ಕುಳಿತು, ತಾವು ಕಳಿಸಿದ್ದ ಎಲ್ಲ ಗುಂಪುಗಳಿಗೂ ಒಬ್ಬೊಬ್ಬರ ಹೆಸರು ಹಿಡಿದು ಬರೆದರು: ಅದು ಸುಳ್ಳು, ನಾನೇ ಕಳಿಸಿದ್ದು, ಹೊಡೆತ ತಿಂದವಳು ನನ್ನ ಮಗಳು. ಐದನೆಯ ದಿನ ಮುಂಜಾನೆ ಸ್ನಾನ ಮುಗಿಸಿ ಬಂದು, "ನಡಿ, ತಂಗಡಗಿಗೆ ಹೋಗೂಣು. ನಡಕೊಂತ," ಎಂದರು. ಮಾವಶಿ ಬೇಡ ಎಂದಳು. ಮುಕ್ತಾಳಿಗೂ ಬೇಡವಾಗಿತ್ತು. ಆದರೆ ಈಗ ಹೋಗದಿದ್ದರೆ ಮುಂದೆ ತಾರ್ತುವಿನಲ್ಲೂ ಕಾಲು ಏಳಲಿಕ್ಕಿಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಅಪ್ಪ ನಿಧಾನ ನಡೆಯುತ್ತಿದ್ದರು. ಆ ಊರು ಹತ್ತಿರ ಬಂದಂತೆ ಮುಕ್ತಾ ಅಪ್ಪನ ಪಕ್ಕಕ್ಕೆ ಸರಿದಳು. ಮನೆಗಳ ಮುಂದೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ನಿಂತರು. ಕೆಲವರು ಒಳಗೆ ಹೋದರು.

ಕಾಸಿಂಸಾಬ ಗಿರಣಿಯ ಮುಂದೆ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ. ಪ್ರಹ್ಲಾದರು ಕೈಮುಗಿದು, ತಡವರಿಸುತ್ತ, ಆ ಸಂದೇಶ ತಾವೂ ಕಳಿಸಿದ್ದನ್ನು ಹೇಳಿದರು.

"ನನಗೂ ಬಂದಿತ್ತಂತ್ರಿ ಸರ, ಮೊಮ್ಮಗಳು ಹೇಳಿದ್ಲು," ಎಂದ ಕಾಸಿಂಸಾಬ. "ನನಗ ಓದಾಕ ಬರಂಗಿಲ್ಲ."

ಅವನು ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಅಪ್ಪ ತಲೆ ತಗ್ಗಿಸಿದ್ದನ್ನು ಮುಕ್ತಾ ಮೊದಲ ಸಲ ನೋಡಿದಳು.

ಅಷ್ಟರಲ್ಲಿ ಓಣಿಯೊಳಗಿಂದ "ಅಕ್ಕಾ" ಎಂದು ಕೂಗುತ್ತ ಹೊನ್ನಿ ಓಡಿ ಬಂದಳು. ಎರಡೂ ಕೈ ಚಾಚಿಕೊಂಡು ಬಂದಳು. ಮುಕ್ತಾ ಎರಡು ಹೆಜ್ಜೆ ಹಿಂದಕ್ಕೆ ಸರಿದು, ತನ್ನ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ನಿಂತುಬಿಟ್ಟಳು.

ಮಗು ಗಕ್ಕನೆ ನಿಂತಿತು. ಹಿಂದೆಯೇ ಬರುತ್ತಿದ್ದ ದುರ್ಗವ್ವ ಇದನ್ನು ನೋಡಿದಳು. ಅಪ್ಪ ನೋಡಿದರು. ಬಾಗಿಲಲ್ಲಿ ನಿಂತ ಮಂದಿಯೆಲ್ಲ ನೋಡಿದರು. ನಾಲ್ಕೈದು ವರ್ಷದ ಮಗುವಿಗೆ ತಾನು ಅಂಜಿದ್ದು ಕಂಡು ಮುಕ್ತಾಳಿಗೆ ಏಟು ತಿಂದ ದಿನಕ್ಕಿಂತ ಹೆಚ್ಚಿನ ಆಘಾತವಾಯಿತು. ಕೈ ಇಳಿಸಬೇಕೆಂದರೂ ಇಳಿಯಲಿಲ್ಲ.

ದುರ್ಗವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನನ್ನ ಹೆಸರ್ಯಾಕ ಹೇಳಲಿಲ್ರಿ ಪೊಲೀಸರಿಗೆ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಗೊತ್ತಿಲ್ಲ ದುರ್ಗವ್ವಾ."

"ಹೇಳಬೇಕಾಗಿತ್ರಿ. ನಿದ್ದಿ ಬರವಲ್ತು."

ಮುಕ್ತಾ ಕೈಗಳನ್ನು ಮೆಲ್ಲಗೆ ಇಳಿಸಿ ಕೇಳಿದಳು. "ಆಕಿ ಕೈ ಹಿಡೀಲೇನು?"

ದುರ್ಗವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ಕಳಿಸಿದಳು. ಮುಕ್ತಾ ಬಗ್ಗಿ ಹೊನ್ನಿಯ ಕೈ ಹಿಡಿದಳು. ಆ ಮಗುವಿನೊಡನೆ ಊರಿನ ಓಣಿಯುದ್ದಕ್ಕೂ, ಎಲ್ಲರ ಕಣ್ಣೆದುರಿಗೆ, ಕೊನೆಯ ಮನೆಯವರೆಗೆ ನಡೆದಳು. ಅಲ್ಲಿ ಮಗುವನ್ನು ಹಿಂದೆ ಬರುತ್ತಿದ್ದ ತಾಯಿಗೆ ಒಪ್ಪಿಸಿ, ಅಪ್ಪನ ಜೊತೆ ಬಂಡಿದಾರಿ ಹಿಡಿದಳು.

ತಂಗಡಗಿಯ ಹೊಳೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ನೀರು ಕೆಂಪಗೆ ದಂಡೆಯ ತುಂಬ ಹರಿಯುತ್ತಿತ್ತು. ಅಪ್ಪ ಕಲ್ಲಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಂಡರು.

"ವಾಪಸ್ ಬಸ್ಸಿಗೆ ಹೋಗೂಣು, ಅಪ್ಪಾ," ಎಂದಳು ಮುಕ್ತಾ. "ಇವತ್ತಿಗೆ ಇಷ್ಟು ಸಾಕು."

"ಹೂಂ," ಎಂದರು ಅವರು.